ಇಷ್ಟೊಂದು ಸ್ಪೀಕರ್ ಇದ್ದೂ ಡೈಲಾಗ್ ಯಾಕೆ ಕೇಳಿಸಲ್ಲ?

ಸಿನಿಮಾಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವುದು, ಅಂದರೆ ಮಾತು, ಸಂಗೀತ, ಉಳಿದ ಸದ್ದುಗಳನ್ನು ಹದವಾಗಿ ಬೆರೆಸುವುದು, ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬ್ಯಾಂಕಿನ ಕ್ಯೂನಲ್ಲೂ ಕೇಳುತ್ತಾರೆ. ‘ರಾಜ್‌ಕುಮಾರ್ ಸಿನಿಮಾದಲ್ಲಿ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಈಗ ಗೋಡೆ ತುಂಬಾ ಸ್ಪೀಕರ್ ಇಟ್ಟುಕೊಂಡೂ ಹೀರೋ ಏನು ಹೇಳಿದ ಅಂತ ಗೊತ್ತಾಗಲ್ಲವಲ್ಲ, ಯಾಕೆ?’

ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಹಾಳು ಎನ್ನುವ ಮಾತಿಗೆ ನಾನು ತಲೆ ಆಡಿಸುವವನಲ್ಲ. ಹಳೇ ಸಿನಿಮಾಗಳ ಸೌಂಡ್ ಎಷ್ಟೋ ವಿಷಯಗಳಲ್ಲಿ ಕಳಪೆಯಾಗಿತ್ತು. ಆದರೆ ಈ ಒಂದು ದೂರು ಮಾತ್ರ ನಿಜ. ಇದಕ್ಕೆ ಕಾರಣ ಮಷೀನು ಅಲ್ಲ. ಆಗ ಯಾವುದು ಕೇಳಿಸಬೇಕು ಅಂತ ಮೊದಲೇ ತೀರ್ಮಾನ ಮಾಡದೆ ವಿಧಿ ಇರಲಿಲ್ಲ. ಈಗ ಆ ತೀರ್ಮಾನವನ್ನು ಕೊನೇ ಗಳಿಗೆವರೆಗೂ ಮುಂದೂಡಬಹುದು, ಮುಂದೂಡುತ್ತಲೇ ಇದ್ದೇವೆ.

ಹಳೇ 35 ಎಂಎಂ ಪ್ರಿಂಟಿನ ತುಂಡು ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಚಿತ್ರದ ಚೌಕಗಳಿಗೂ ಅಂಚಿನ ತೂತುಗಳಿಗೂ ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲದ ಪಟ್ಟಿ ಕಾಣುತ್ತದೆ. ಅದರೊಳಗೆ ಹಲ್ಲುಹಲ್ಲಾಗಿರುವ ಗೆರೆಯೇ ಸೌಂಡು. ಪ್ರೊಜೆಕ್ಟರಿನೊಳಗಿನ ಸಣ್ಣ ಬಲ್ಬಿನ ಬೆಳಕು ಆ ಗೆರೆಯನ್ನು ಹಾದು ಫೋಟೋಸೆಲ್ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತವೇ ಕರೆಂಟಿನ ಏರಿಳಿತವಾಗಿ ಪರದೆ ಹಿಂದಿನ ಸ್ಪೀಕರಿಗೆ ಹೋಗುತ್ತದೆ. ಒಂದು ವಿಚಿತ್ರ ಕೇಳಿ: ಚಿತ್ರ ಮತ್ತು ಅದರ ಸೌಂಡು ಪ್ರಿಂಟಿನಲ್ಲಿ ಅಕ್ಕಪಕ್ಕ ಇರುವುದಿಲ್ಲ. ಸೌಂಡು ಸುಮಾರು 20 ಫ್ರೇಮ್ ಮುಂದೆ ಇರುತ್ತದೆ. ಲೆನ್ಸಿನ ಹತ್ತಿರ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗಬೇಕು, ಸೌಂಡ್ ಓದುವ ಕಡೆ ನಿಲ್ಲದೆ ಓಡಬೇಕು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಜಾಗ.

ಆ ಪಟ್ಟಿಯಲ್ಲಿ ಹಿಸ್ ಸದ್ದು ಜಾಸ್ತಿ. ಪ್ರಿಂಟು ಸವೆದಷ್ಟೂ ಕರಕರ ಬೇರೆ. ಇದನ್ನು ಮುಚ್ಚಲು ಥಿಯೇಟರುಗಳಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನೇ, ಅಂದರೆ ಕೀಚಲು ಸದ್ದುಗಳನ್ನೇ, ತಗ್ಗಿಸಿಬಿಡುತ್ತಿದ್ದರು. 1938ರಲ್ಲಿ ಹಾಲಿವುಡ್ಡಿನ ಅಕಾಡೆಮಿ (ಆಸ್ಕರ್ ಕೊಡುವವರೇ) ಇದಕ್ಕೊಂದು ಅಳತೆಯನ್ನೂ ಗೊತ್ತುಮಾಡಿತು. 8 ಸಾವಿರ ಹರ್ಟ್ಜ್ ದಾಟಿದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಕೆಳಗೆ, ಈಗ ಎದೆ ನಡುಗಿಸುವ ಬಾಸ್ ಇದೆಯಲ್ಲ, ಅದೂ ಇರಲಿಲ್ಲ. ಉಳಿದದ್ದು ನಡುವಿನ ಭಾಗ ಮಾತ್ರ. ಮನುಷ್ಯರ ಮಾತು ಕೂತಿರುವುದು ಅಲ್ಲೇ. ಬಡತನವೇ ಮಾತಿಗೆ ಅನುಕೂಲ ಮಾಡಿಕೊಟ್ಟಿತು.

ಇರುವುದೊಂದು ಪಟ್ಟಿ, ಹೊರಗೆ ಬರುವುದು ಪರದೆಯ ಹಿಂದಿನಿಂದ ಮಾತ್ರ. ಮಾತು, ಪಿಟೀಲು, ಮಳೆ, ಕುದುರೆ ಎಲ್ಲವೂ ಅದರಲ್ಲೇ ತೂರಬೇಕು. ಎರಡು ಒಟ್ಟಿಗೆ ನುಗ್ಗಿದರೆ ಎರಡೂ ಕೆಟ್ಟವು. ಹಾಗಾಗಿ ಆಗಿನ ಮಿಕ್ಸಿಂಗ್ ಎಂಜಿನಿಯರ್ ಸರದಿ ಹಾಕುತ್ತಿದ್ದರು. ಮಾತು ಶುರುವಾಯಿತೆಂದರೆ ಸಂಗೀತವನ್ನು ಕೈಯಾರೆ ಇಳಿಸುತ್ತಿದ್ದರು, ಮಾತು ಮುಗಿದ ಮೇಲೆ ಏರಿಸುತ್ತಿದ್ದರು. ‘ಬಭ್ರುವಾಹನ’ ಚಿತ್ರದಲ್ಲಿ (1977) ಅಪ್ಪ ಮಗ ಎದುರು ಬದುರು ನಿಂತು ಹಾಡಿನಲ್ಲೇ ಜಗಳಾಡುತ್ತಾರಲ್ಲ, ಅದನ್ನು ಈಗ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಬ್ಬರ ಸಾಲು ಮುಗಿಯುವವರೆಗೂ ವಾದ್ಯಗಳು ತಾಳ್ಮೆಯಿಂದ ಹಿಂದೆ ನಿಂತಿರುತ್ತವೆ. ಸಾಲು ಮುಗಿದ ಕೂಡಲೇ ಮುಂದೆ ಬರುತ್ತವೆ. ಯುದ್ಧದ ಆವೇಶವಿದೆ, ಆದರೆ ಒಂದು ಅಕ್ಷರವೂ ಕಳೆದುಹೋಗಿಲ್ಲ. ಇದನ್ನು ಬರೆದವರು, ರಾಗ ಹಾಕಿದವರು, ಹಾಡಿದವರು, ಮಿಕ್ಸ್ ಮಾಡಿದವರು ನಾಲ್ವರೂ ಸೇರಿ ಮಾತಿಗೆ ಜಾಗ ಬಿಟ್ಟಿದ್ದಾರೆ. ಕೊನೆಯವನೊಬ್ಬನಿಂದಲೇ ಆಗುವ ಕೆಲಸ ಇದಲ್ಲ.

ಇನ್ನು ನಟರು. ರಾಜ್‌ಕುಮಾರ್ ಬಂದದ್ದು ಗುಬ್ಬಿ ಕಂಪನಿಯ ರಂಗಭೂಮಿಯಿಂದ. ಆ ಕಾಲದ ಬಹಳಷ್ಟು ನಟರು ನಾಟಕದವರೇ. ಮೈಕ್ ಇಲ್ಲದೆ ಕೊನೇ ಸಾಲಿಗೆ ಮಾತು ಮುಟ್ಟಿಸಿ ಅಭ್ಯಾಸವಾದವರು. ಮಾತಿನ ಕೊನೆಯನ್ನು ನುಂಗುತ್ತಿರಲಿಲ್ಲ, ಪಿಸುಮಾತನ್ನೂ ಬಿಡಿಸಿ ಹೇಳುತ್ತಿದ್ದರು. ಬಾಲಕೃಷ್ಣ ಅವರನ್ನೇ ನೋಡಿ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ಮಾತು ಯಾವಾಗ ಮುಗಿಯಿತು ಅಂತ ಕಣ್ಣಲ್ಲೇ ಹಿಡಿಯಬೇಕು. ಆದರೂ ಅವರ ಟೈಮಿಂಗ್‌ನಲ್ಲಿ ತಪ್ಪು ಹುಡುಕಲು ನನಗಂತೂ ಆಗಿಲ್ಲ. ಎಲ್ಲ ಸೌಲಭ್ಯ ಇರುವ ನಮಗೆ ಇದನ್ನು ನೆನೆದರೆ ಸ್ವಲ್ಪ ಮುಜುಗರವೇ.

ಡಬ್ಬಿಂಗ್ ಕೂಡ ಸಹಾಯ ಮಾಡಿತು. 1934ರಲ್ಲಿ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ತಯಾರಾದಾಗ ನಟರು ಕ್ಯಾಮೆರಾ ಮುಂದೆಯೇ ಮಾತಾಡಬೇಕಿತ್ತು, ಹಾಡಬೇಕಿತ್ತು. ಮುಂದೆ ಹೊರಾಂಗಣ ಚಿತ್ರೀಕರಣ ಜಾಸ್ತಿಯಾಯಿತು. ಅಲ್ಲಿ ಬಳಸುತ್ತಿದ್ದ ಹಗುರ ಕ್ಯಾಮೆರಾಗಳು ವಿಪರೀತ ಸದ್ದು ಮಾಡುತ್ತಿದ್ದವು. ಹಾಗಾಗಿ ಮಾತನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಹೇಳಿಸುವುದೇ ರೂಢಿಯಾಯಿತು. ದೃಶ್ಯವನ್ನು ತುಂಡು ಮಾಡಿ ಲೂಪ್ ಕಟ್ಟಿ, ಅದು ಪರದೆ ಮೇಲೆ ಮತ್ತೆ ಮತ್ತೆ ಓಡುತ್ತಿರುವಾಗ ನಟರು ತುಟಿಗೆ ಮಾತು ಕೂರಿಸಬೇಕು. ಮೈಕ್ ಹತ್ತಿರ, ಸುತ್ತ ನಿಶ್ಶಬ್ದ. ಮಾತು ಸ್ವಚ್ಛವಾಗಿ ಬರದೆ ಇನ್ನೇನು?

ಬೆಲೆಯೂ ತೆರಬೇಕಾಯಿತು ಅನ್ನಿ. ಕಾಡಿನ ನಡುವೆ ನಿಂತ ಹೀರೋ ನಾಲ್ಕು ಗೋಡೆಯ ಕೋಣೆಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಾನೆ. ಕ್ಯಾಮೆರಾ ಬೆಟ್ಟದ ತುದಿಯಲ್ಲಿದ್ದರೂ ದನಿ ಕಿವಿಯ ಪಕ್ಕದಲ್ಲೇ ಇರುತ್ತದೆ. ಬೆಳಗಾಯಿತು ಅಂದರೆ ಅದೇ ಕೋಳಿ, ರಾತ್ರಿ ಅಂದರೆ ಅದೇ ಜೀರುಂಡೆ. ಹೆಜ್ಜೆ ಸದ್ದು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಾವು ಇದನ್ನೆಲ್ಲ ಪ್ರೀತಿಯಿಂದ ಮನ್ನಿಸಿದ್ದೇವೆ, ಅಷ್ಟೇ.

90ರ ದಶಕದ ಕೊನೆಯ ಹೊತ್ತಿಗೆ ಕನ್ನಡಕ್ಕೂ ಡಿಟಿಎಸ್ ಎಂಬ ಡಿಜಿಟಲ್ ಸೌಂಡ್ ವ್ಯವಸ್ಥೆ ಬಂತು. ಸೌಂಡು ಫಿಲ್ಮಿನ ಪಟ್ಟಿಯಿಂದ ಇಳಿದು ಬೇರೆ ಸಿಡಿಗೆ ಹೋಯಿತು. ಎರಡನ್ನೂ ಜೊತೆಯಲ್ಲಿ ಓಡಿಸಲು ಪ್ರಿಂಟಿನ ಮೇಲೆ ಟೈಮ್‌ಕೋಡ್ ಬಂತು. ಮುಂದೆ, ಎಡಬಲ, ಹಿಂದೆ, ಕೆಳಗೆ ಸಬ್‌ವೂಫರ್. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ 128 ಟ್ರ್ಯಾಕ್, ಅಂದರೆ ಬೇರೆ ಬೇರೆ ಸದ್ದಿನ ಎಳೆಗಳವರೆಗೆ ಕಳಿಸಬಹುದು, ತಲೆ ಮೇಲೂ ಸ್ಪೀಕರ್. ನಮ್ಮ ಕಂಪ್ಯೂಟರಿನಲ್ಲಂತೂ ಒಂದು ಫೈಟ್ ದೃಶ್ಯಕ್ಕೆ ನೂರಾರು ಟ್ರ್ಯಾಕ್ ಆರಾಮಾಗಿ ಕೂರುತ್ತವೆ. ಜಾಗ ಇದೆ ಅಂದ ಮೇಲೆ ತುಂಬಬೇಕು ಅಲ್ವಾ? ತುಂಬುತ್ತೇವೆ.

ಈಗ ಮಿಕ್ಸಿಂಗ್ ಕೋಣೆಯೊಳಗೆ ಬನ್ನಿ. ಬಿಡುಗಡೆಗೆ ಕೆಲವೇ ದಿನ ಉಳಿದಿದೆ. ಹಿನ್ನೆಲೆ ಸಂಗೀತ, ಅಂದರೆ ನಾವು ಆರ್‌ಆರ್ ಅನ್ನುವುದು, ಈಗಷ್ಟೇ ಬಂದಿದೆ. ಅಡುಗೆಮನೆ ದೃಶ್ಯ. ಹೊರಗೆ ಮಳೆ. ತಾಯಿ ಪಾತ್ರೆ ತೊಳೆಯುತ್ತಾ ಮಗನ ಕಡೆ ಬೆನ್ನು ಮಾಡಿ ಒಂದು ಮಾತು ಹೇಳುತ್ತಾಳೆ. ಎಫೆಕ್ಟ್ಸ್ ಮಾಡಿದವರು ಹಂಚಿನ ಮೇಲೆ ಬೀಳುವ ಮಳೆ, ಅಂಗಳದ ಮಳೆ, ನಲ್ಲಿ ನೀರು, ಸ್ಟೀಲ್ ಪಾತ್ರೆ ಎಲ್ಲವನ್ನೂ ಬೇರೆ ಬೇರೆಯಾಗಿ ಚೆಂದ ಮಾಡಿ ಕೊಟ್ಟಿದ್ದಾರೆ. ಸಂಗೀತ ನಿರ್ದೇಶಕರು ಅದೇ ಮಾತಿನ ಮೇಲೆ ಕೊಳಲು, ಅದರ ಕೆಳಗೆ ತಂತಿವಾದ್ಯ ಇಟ್ಟಿದ್ದಾರೆ. ಮಾತು ಸೆಟ್‌ನಲ್ಲೇ ರೆಕಾರ್ಡ್ ಆಗಿದೆ, ನಟಿ ಸಹಜವಾಗಿ, ತಗ್ಗಿದ ದನಿಯಲ್ಲಿ ಹೇಳಿದ್ದಾರೆ. ನಿರ್ದೇಶಕರು ಹಿಂದೆ ಸೋಫಾದಲ್ಲಿ ಕೂತು, ‘ಸರ್, ಕೊಳಲು ಸ್ವಲ್ಪ ಎತ್ತಿ, ಫೀಲ್ ಬರ್ತಿಲ್ಲ’ ಅನ್ನುತ್ತಾರೆ. ಎತ್ತುತ್ತೇನೆ. ‘ಮಳೆನೂ ಸ್ವಲ್ಪ.’ ಅದನ್ನೂ ಎತ್ತುತ್ತೇನೆ. ‘ಮಾತು ಕೇಳಿಸುತ್ತಾ ಸರ್?’ ಅಂದರೆ, ‘ಓ, ಚೆನ್ನಾಗಿ ಕೇಳಿಸ್ತಿದೆ.’

ಅವರು ಸುಳ್ಳು ಹೇಳುತ್ತಿಲ್ಲ. ಆ ಮಾತನ್ನು ಬರೆದವರು ಅವರೇ, ಎಡಿಟಿಂಗ್‌ನಲ್ಲಿ ನೂರು ಸಲ ಕೇಳಿದವರೂ ಅವರೇ. ಮುಂದೇನು ಬರುತ್ತದೆ ಅಂತ ಗೊತ್ತಿರುವಾಗ ಕಿವಿಗೆ ಅರ್ಧ ಸಿಕ್ಕರೆ ಸಾಕು, ಉಳಿದರ್ಧವನ್ನು ತಲೆ ತುಂಬಿಕೊಳ್ಳುತ್ತದೆ. ಆ ಕೋಣೆಯಲ್ಲಿ ಕೂತ ಎಲ್ಲರದೂ ಇದೇ ಕಥೆ, ಎರಡು ದಿನ ಕಳೆದರೆ ನನ್ನದೂ ಅದೇ. ಥಿಯೇಟರಿಗೆ ಬರುವವರು ಮಾತ್ರ ಅದನ್ನು ಮೊದಲ ಸಲ ಕೇಳುತ್ತಾರೆ. ಅದಕ್ಕೇ ನಾನು ಅನುಮಾನ ಬಂದ ದೃಶ್ಯಗಳಿಗೆ ನಮ್ಮ ಸ್ಟುಡಿಯೋದಲ್ಲಿ ಲೆಕ್ಕ ಬರೆಯುವವರನ್ನೋ, ಕಾಫಿ ತರುವ ಹುಡುಗನನ್ನೋ ಕರೆದು ಕೂರಿಸುತ್ತೇನೆ. ‘ಅಮ್ಮ ಏನಂದ್ರು?’ ಅಂತ ಕೇಳುತ್ತೇನೆ. ‘ಅಳ್ತಾ ಏನೋ ಹೇಳಿದ್ರು ಸರ್’ ಅಂದರೆ ಮಿಕ್ಸ್ ಮತ್ತೆ ಮಾಡಬೇಕು ಅಂತ ಅರ್ಥ. ನಿರ್ದೇಶಕರ ಜೊತೆ ನಾನು ವಾದ ಮಾಡುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅ, ಆ, ಓ ತರದ ಸ್ವರಗಳಿಗೆ ಬಲ ಜಾಸ್ತಿ. ಸ, ತ, ಕ, ಪ ಇವು ಸಣ್ಣವು, ಕ್ಷಣದಲ್ಲಿ ಬಂದು ಹೋಗುತ್ತವೆ. ಮಾತು ಅರ್ಥವಾಗುವುದು ಮುಖ್ಯವಾಗಿ ಈ ಸಣ್ಣವುಗಳಿಂದ, ಅದರಲ್ಲೂ 2 ಸಾವಿರದಿಂದ 4 ಸಾವಿರ ಹರ್ಟ್ಜ್ ಸುತ್ತಮುತ್ತ. ಮಳೆ, ಸ್ಟೀಲ್ ಪಾತ್ರೆ, ತಂತಿವಾದ್ಯದ ಕೀರು ಎಲ್ಲವೂ ಅದೇ ಜಾಗಕ್ಕೆ ಬಂದು ಬೀಳುತ್ತವೆ. ವ್ಯಂಜನ ಮುಚ್ಚಿಹೋಗಿ ಸ್ವರ ಮಾತ್ರ ಉಳಿದರೆ ಯಾರೋ ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಏನು ಅಂತ ತಿಳಿಯುವುದಿಲ್ಲ. ಕನ್ನಡಕ್ಕೆ ಇನ್ನೂ ಒಂದು ಕಷ್ಟ ಇದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಬಾಲದಲ್ಲಿರುತ್ತದೆ. ಬರುತ್ತಾನೋ, ಬರಲ್ಲವೋ, ಬಂದನೋ, ಬಂದಳೋ ಎಲ್ಲ ಕೊನೇ ಅಕ್ಷರದಲ್ಲೇ ಗೊತ್ತಾಗಬೇಕು. ಸಹಜ ಅಭಿನಯ ಅಂತ ಈಗಿನ ನಟರು ದನಿ ಇಳಿಸುವುದೂ ಅಲ್ಲೇ. ಸರಿಯಾಗಿ ಅದೇ ಕ್ಷಣಕ್ಕೆ ಸಂಗೀತ ಏರುತ್ತದೆ. ಮುಗೀತು.

ಇದಕ್ಕೆ ಮದ್ದು ದೊಡ್ಡದೇನಲ್ಲ. ಮಾತು ಇರುವಷ್ಟು ಹೊತ್ತು ಸಂಗೀತದ ಆ ನಡುವಿನ ಭಾಗವನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ಸಾಕು. ಪಾತ್ರೆ ಸದ್ದನ್ನು ಮಾತಿನ ಸಂದಿಗೆ ಸರಿಸಿದರೆ ಇನ್ನೂ ಒಳ್ಳೆಯದು. ಸಂಗೀತ ಬಂದ ಮೇಲೆ ಇದಕ್ಕೆಲ್ಲ ಸಮಯ ಬೇಕು. ಸಾಮಾನ್ಯವಾಗಿ ಇಲ್ಲದೇ ಇರುವುದು ಅದೇ.

ನಾವು ಸರಿ ಮಾಡಿ ಕಳಿಸಿದರೂ ಥಿಯೇಟರಿನಲ್ಲಿ ಇನ್ನೊಂದು ಆಟ ನಡೆಯುತ್ತದೆ. ಡಾಲ್ಬಿ ಪ್ರೊಸೆಸರಿನ ವಾಲ್ಯೂಮ್‌ನಲ್ಲಿ 7 ಅಂತ ಒಂದು ಗುರುತಿದೆ. ಮಿಕ್ಸಿಂಗ್ ಕೋಣೆಯನ್ನು ಆ 7ಕ್ಕೆ, 85 ಡೆಸಿಬೆಲ್ ಲೆಕ್ಕದಲ್ಲಿ ಹೊಂದಿಸಿರುತ್ತೇವೆ. ಥಿಯೇಟರಿನಲ್ಲೂ ಅದೇ 7 ಇಟ್ಟರೆ ನಾವು ಕೇಳಿದ್ದೇ ನಿಮಗೂ ಕೇಳಬೇಕು. ಆದರೆ ಜಾಹೀರಾತು, ಟ್ರೈಲರ್, ಮಾಸ್ ಎಂಟ್ರಿಗಳ ಅಬ್ಬರಕ್ಕೆ ಜನ ಕಿವಿ ಮುಚ್ಚಿಕೊಂಡು ದೂರುತ್ತಾರೆ. ಆಪರೇಟರ್ 5ಕ್ಕೆ ಇಳಿಸುತ್ತಾನೆ. ಅಷ್ಟಕ್ಕೇ ಆರೇಳು ಡೆಸಿಬೆಲ್ ಹೋಯಿತು. ಫೈಟಿನ ಸದ್ದು ಸಹಿಸುವಂತಾಯಿತು, ಪಿಸುಮಾತು ಏಸಿ ಸದ್ದಿನೊಳಗೆ ಮುಳುಗಿತು. ಇದು ಗೊತ್ತಿರುವ ನಿರ್ಮಾಪಕರು ಮುಂದಿನ ಸಿನಿಮಾಕ್ಕೆ, ‘ಹೇಗಿದ್ರೂ ಇಳಿಸ್ತಾರೆ, ಜೋರಾಗೇ ಮಾಡಿ’ ಅನ್ನುತ್ತಾರೆ. ಆಗ ಆಪರೇಟರ್ ನಾಲ್ಕೂವರೆಗೆ ಇಳಿಸುತ್ತಾನೆ.

ಓಟಿಟಿಯಲ್ಲಿ ಪರವಾಗಿಲ್ಲ. ನೆಟ್‌ಫ್ಲಿಕ್ಸ್‌ನಂಥವರು ಮಾತಿನ ಸರಾಸರಿ ಮಟ್ಟ ಇಷ್ಟೇ ಇರಬೇಕು ಅಂತ ಸಂಖ್ಯೆ ಕೊಟ್ಟಿದ್ದಾರೆ, ಸದ್ದಿನ ಜೋರು ಅಳೆಯುವ ಎಲ್‌ಕೆಎಫ್‌ಎಸ್ ಲೆಕ್ಕದಲ್ಲಿ ಮೈನಸ್ 27. ಅಳೆಯುವುದೂ ಮಾತನ್ನೇ, ಸಂಗೀತವನ್ನಲ್ಲ. ಥಿಯೇಟರ್ ಮಿಕ್ಸಿಗೂ ಇಂಥದ್ದೊಂದು ಬೇಕು ಅನ್ನುವವರಲ್ಲಿ ನಾನೂ ಒಬ್ಬ.

ಹಾಗಂತ ಹಿಂದಕ್ಕೆ ಹೋಗೋಣ ಅನ್ನುತ್ತಿಲ್ಲ. ಆಗಿನವರಿಗೆ ಸಿಗದ ಒಂದು ವಸ್ತು ನಮ್ಮ ಕೈಲಿದೆ: ಮೌನ. ಬೆಳಕಿನಿಂದ ಸೌಂಡ್ ಓದುವ ಆ ಹಳೇ ಆಪ್ಟಿಕಲ್ ಪ್ರಿಂಟಿನಲ್ಲಿ ಸೌಂಡ್ ನಿಲ್ಲಿಸಿದರೆ ಹಿಸ್ ಕೇಳುತ್ತಿತ್ತು. ಅದನ್ನು ಮುಚ್ಚಲಾದರೂ ಒಂದು ಪಿಟೀಲು ಎಳೆಯುತ್ತಿದ್ದರು. ಡಿಜಿಟಲ್‌ನಲ್ಲಿ ನಿಲ್ಲಿಸಿದರೆ ನಿಜವಾಗಿ ನಿಲ್ಲುತ್ತದೆ. ‘ತಿಥಿ’ ಸಿನಿಮಾದಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿದರು. ಮಾತು ಅವರದ್ದೇ ಧಾಟಿಯಲ್ಲಿ, ಅವರದ್ದೇ ಊರಿನ ಗಾಳಿಯ ಜೊತೆ ಬಂತು. ಸಂಗೀತ ಬಂದು ಅದರ ಮೇಲೆ ಕೂರಲಿಲ್ಲ. ಸ್ಟುಡಿಯೋದ ಲೂಪ್ ಮುಂದೆ ನಿಲ್ಲಿಸಿ ಆ ಮುದುಕರಿಂದ ಅದೇ ಮಾತು ಹೇಳಿಸಲು ಆಗುತ್ತಿತ್ತಾ? ಸಾಧ್ಯವೇ ಇಲ್ಲ.

ಹಳಬರಲ್ಲೂ ಸೌಂಡಿನ ರುಚಿ ಹಿಡಿದವರಿದ್ದರು ಅನ್ನಲು ನನಗೆ ಮೊದಲು ನೆನಪಾಗುವುದು 1987ರ ‘ಪುಷ್ಪಕ ವಿಮಾನ’. ನಮ್ಮ ಬೆಂಗಳೂರಿನಲ್ಲೇ ತೆಗೆದದ್ದು, ಡೈಲಾಗೇ ಇಲ್ಲ. ಬಡ ನಾಯಕ ಇರುವುದು ಸಿನಿಮಾ ಥಿಯೇಟರಿನ ಪಕ್ಕದ ಕೋಣೆಯಲ್ಲಿ. ಹೊಡೆದಾಟದ ಸದ್ದು ಕೇಳುತ್ತಲೇ ಮಲಗಿ ಅಭ್ಯಾಸ. ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಆ ಗಲಾಟೆಯನ್ನು ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಅವನ ಬಡತನ, ಒಂಟಿತನ, ತಮಾಷೆ ಮೂರನ್ನೂ ಒಂದು ಟೇಪ್‌ರೆಕಾರ್ಡರ್ ಹೇಳಿತು. ಇದನ್ನು ಮಿಕ್ಸಿಂಗ್ ಕೋಣೆಯಲ್ಲಿ ಕೂತು ಹೊಳೆಸಿಕೊಳ್ಳಲು ಆಗದು, ಸ್ಕ್ರಿಪ್ಟಿನಲ್ಲೇ ಇರಬೇಕು. ಈಗ ನನ್ನ ಹತ್ತಿರ ಬರುವ ಹೊಸ ನಿರ್ದೇಶಕರಿಗೆ ಸ್ಕ್ರಿಪ್ಟ್ ಹಂತದಲ್ಲೇ ಬನ್ನಿ ಅನ್ನುವುದು ಇದಕ್ಕೇ. ಕೆಲವರು ಬರುತ್ತಿದ್ದಾರೆ.

ನೋಡುವವರಿಗೂ ಎರಡು ಮಾತು. ಮನೆಯಲ್ಲಿ ಟಿವಿಗೆ ಬೇರೆ ಸ್ಪೀಕರ್ ಇಲ್ಲದಿದ್ದರೆ ಆಡಿಯೋ ಸೆಟ್ಟಿಂಗ್‌ನಲ್ಲಿ 5.1 (ಹಲವು ಸ್ಪೀಕರಿಗೆ ಹಂಚುವ ಸೌಂಡು) ಬಿಟ್ಟು ಸ್ಟೀರಿಯೋ ಆರಿಸಿ. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಮಾತು ಮುಂದೆ ಬರುತ್ತದೆ. ಥಿಯೇಟರಿನಲ್ಲಿ ಮಾತು ಬರುವುದು ಪರದೆಯ ಹಿಂದೆ ನಡುವೆ ಇರುವ ಸ್ಪೀಕರಿನಿಂದ. ಅದರ ಮೇಲ್ಭಾಗದಲ್ಲಿ ಕೀಚಲು ಸದ್ದು ಕೊಡುವ ಹಾರ್ನ್ ಡ್ರೈವರ್ ಸುಟ್ಟುಹೋಗಿದ್ದರೆ ಎಲ್ಲರೂ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ, ಬೈಗುಳ ಮಾತ್ರ ಸಿನಿಮಾಕ್ಕೆ ಬೀಳುತ್ತದೆ. ಒಂದೇ ಸಿನಿಮಾ ಒಂದು ಕಡೆ ಮಂಕಾಗಿ, ಇನ್ನೊಂದು ಕಡೆ ಚೆನ್ನಾಗಿ ಕೇಳಿಸಿದರೆ ಅನುಮಾನ ಬೇಡ, ತೊಂದರೆ ಆ ಹಾಲ್‌ನದ್ದೇ. ಇಂಟರ್ವಲ್‌ನಲ್ಲಿ ಹೋಗಿ ಮ್ಯಾನೇಜರ್‌ಗೆ, ‘ಸೆಂಟರ್ ಸ್ಪೀಕರ್ ಒಮ್ಮೆ ಚೆಕ್ ಮಾಡಿಸಿ’ ಅಂತ ಹೇಳಿ. ಸುಮ್ನೆ ವಾಲ್ಯೂಮ್ ಎತ್ತಿ ಅನ್ನಬೇಡಿ. ಎತ್ತುತ್ತಾರೆ, ಆಮೇಲೆ ಬರುವುದು ಕ್ಲೈಮ್ಯಾಕ್ಸ್ ಫೈಟು.