ಕಾರ್ಡ್ ಕೊಳ್ಳುವ ಮುನ್ನ ಕೋಡ್ ಅಳೆಯಿರಿ

ಕಣಗಳ ಡಿಕ್ಕಿಯ ಸಿಮ್ಯುಲೇಷನ್ ತೀರಾ ನಿಧಾನವಾಗಿದೆ, ಯಾವ ಜಿಪಿಯು (ಒಂದೇ ಬಗೆಯ ಲೆಕ್ಕಗಳನ್ನು ಒಟ್ಟಿಗೇ ಮಾಡುವ ಗ್ರಾಫಿಕ್ಸ್ ಕಾರ್ಡ್) ಕೊಳ್ಳಬೇಕು ಎಂದು ಕೇಳಿಕೊಂಡು ಬರುವ ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ? ಬಹುತೇಕರ ಬಳಿ ಕೊಟೇಷನ್ ಇರುತ್ತದೆ, ಉತ್ತರ ಇರುವುದಿಲ್ಲ. ಇಷ್ಟು ಜಾಣ ಮಕ್ಕಳು ಅಳೆಯದೆ ಹಣ ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಸರಳವಾದದ್ದು. 100 ಗಂಟೆಯ ಕೆಲಸದಲ್ಲಿ 60 ಗಂಟೆಯ ಭಾಗವನ್ನಷ್ಟೇ ಜಿಪಿಯುವಿಗೆ ಒಪ್ಪಿಸಿ, ಅದು ಅಲ್ಲಿ ನೂರು ಪಟ್ಟು ಬೇಗ ಮುಗಿಯಿತೆನ್ನಿ. ಆ 60 ಗಂಟೆ 36 ನಿಮಿಷಕ್ಕೆ ಇಳಿಯುತ್ತದೆ, ಉಳಿದ 40 ಗಂಟೆ ಹಾಗೆಯೇ ಉಳಿಯುತ್ತದೆ. ಒಟ್ಟು ಲಾಭ ಎರಡೂವರೆ ಪಟ್ಟಿಗಿಂತ ತುಸು ಕಡಿಮೆ. ಕಾರ್ಡ್ ಸಾವಿರ ಪಟ್ಟು ವೇಗದ್ದಾದರೂ ಆ ಎರಡೂವರೆಯನ್ನು ದಾಟಲಾಗದು, ಏಕೆಂದರೆ ತಡೆ ಇರುವುದು ಕಾರ್ಡಿನಲ್ಲಲ್ಲ, ಮುಟ್ಟದೆ ಬಿಟ್ಟ 40 ಗಂಟೆಯಲ್ಲಿ.

ಎಲ್ಲ ಭಾಗಗಳೂ ಜಿಪಿಯುವಿಗೆ ಒಗ್ಗುವುದೂ ಇಲ್ಲ. ಡಿಕ್ಕಿಯ ಸಂಭವನೀಯತೆಯನ್ನು ಲೆಕ್ಕ ಹಾಕುವ ತಂತ್ರಾಂಶ ಮ್ಯಾಡ್‌ಗ್ರಾಫ್‌ನಲ್ಲಿ ಒಂದೇ ಸೂತ್ರವನ್ನು ಬೇರೆ ಬೇರೆ ಸಂವೇಗಗಳಿಗೆ ಲಕ್ಷಾಂತರ ಸಲ ಲೆಕ್ಕ ಹಾಕುವ ಹಂತ ಅದಕ್ಕೆ ಹೇಳಿ ಮಾಡಿಸಿದಂತಿದೆ. ಡಿಟೆಕ್ಟರಿನೊಳಗೆ ಕಣಗಳನ್ನು ಹಿಂಬಾಲಿಸುವ ಜಿಯಾಂಟ್4 ತಂತ್ರಾಂಶದ ಕೆಲಸ ಹಾಗಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ 32 ಥ್ರೆಡ್‌ಗಳು (ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆಗಳು) ಒಟ್ಟಾಗಿ ಸಾಗುತ್ತವೆ; ಒಂದರ ಎಲೆಕ್ಟ್ರಾನ್ ಫೋಟಾನನ್ನು ಹೊರಸೂಸಿ, ಇನ್ನೊಂದರದು ಬರಿದೆ ಚದುರಿದರೆ, ಪಂಕ್ತಿಯ ಊಟದಲ್ಲಿ ಎಲ್ಲರದೂ ಮುಗಿಯುವವರೆಗೆ ಯಾರೂ ಏಳದಂತೆ, ಉಳಿದವು ಕಾಯಬೇಕಾಗುತ್ತದೆ. ಈ ಹಿಂಬಾಲಿಸುವ ಕೆಲಸವನ್ನು ಜಿಪಿಯುವಿಗೆ ತರುವ ಸೆಲೆರಿಟಾಸ್ ಮತ್ತು ಅಡೆಪ್ಟ್ ಯೋಜನೆಗಳು ಎಲೆಕ್ಟ್ರಾನ್, ಪಾಸಿಟ್ರಾನ್, ಫೋಟಾನ್‌ಗಳನ್ನೇ ಮೊದಲು ಕೈಗೆತ್ತಿಕೊಂಡದ್ದು ವಿವೇಕದ ನಿರ್ಧಾರ: ಅವುಗಳ ಭೌತಿಕ ಕ್ರಿಯೆಗಳು ಕೆಲವೇ, ಕಣಗಳ ಶಕ್ತಿಯನ್ನು ಅಳೆಯುವ ಕ್ಯಾಲೊರಿಮೀಟರಿನಲ್ಲಿ ಹೆಚ್ಚು ಸಮಯ ನುಂಗುವುದೂ ಅವೇ.

ಒಬ್ಬ ವಿದ್ಯಾರ್ಥಿನಿ ನನ್ನ ಮಾತು ಕೇಳಿ ಪ್ರೊಫೈಲ್ (ಯಾವ ಭಾಗ ಎಷ್ಟು ಹೊತ್ತು ತಿನ್ನುತ್ತದೆ ಎಂಬ ಪಟ್ಟಿ) ತೆಗೆದು ತಂದಾಗ, ಮೊದಲ ಸಾಲಿನಲ್ಲಿದ್ದದ್ದು ಭೌತವಿಜ್ಞಾನವಲ್ಲ. ಪ್ರತಿ ಡಿಕ್ಕಿಗೂ ಫಲಿತಾಂಶದ ಕಡತವನ್ನು ತೆರೆದು ಮುಚ್ಚುತ್ತಿದ್ದ ಒಂದು ಫಂಕ್ಷನ್. ಅದನ್ನು ಸರಿಪಡಿಸಿದ ಮೇಲೆ ಆಕೆಗೆ ಕಾರ್ಡೇ ಬೇಕಾಗಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಆದರೆ ಒಂದು ಡಿಕ್ಕಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದಿರುವುದರಿಂದ, ಇರುವ ಸಿಪಿಯುವಿನ ಎಲ್ಲ ಕೋರ್‌ಗಳಿಗೂ ಕೆಲಸ ಹಂಚಿ ನೋಡುವುದಕ್ಕೆ ಖರ್ಚಿಲ್ಲ. ಜಿಯಾಂಟ್4 ಈ ಸೌಲಭ್ಯವನ್ನು 2013ರಿಂದಲೇ ಒದಗಿಸಿದೆ.

ಜಿಪಿಯುವಿಗೆ ಹೋಗಲೇಬೇಕಾದರೆ ಹೋಗಿ. ಹೋದ ಮೇಲೆ ಪ್ರತಿ ಥ್ರೆಡ್ಡಿಗೂ ಯಾದೃಚ್ಛಿಕ ಸಂಖ್ಯೆಗಳ ಬೇರೆ ಬೇರೆ ಸರಣಿ ಸಿಗುತ್ತಿದೆಯೇ ಎಂದು ನೋಡಿಕೊಳ್ಳಿ, ಮತ್ತು ಶಕ್ತಿಯ ಹಂಚಿಕೆಯನ್ನು ಹಳೆಯ ಸಿಪಿಯು ಫಲಿತಾಂಶದೊಂದಿಗೆ ಸಂಖ್ಯಾಶಾಸ್ತ್ರೀಯವಾಗಿ ಹೋಲಿಸದೆ ಪ್ರಬಂಧಕ್ಕೆ ಸೇರಿಸಬೇಡಿ.