ಐದು ಸಾವಿರ ಆರ್‌ಪಿಎಂ ದಾಟಿದ ಮೇಲೆ ಬೂಸ್ಟ್ ಎಲ್ಲಿ ಹೋಗುತ್ತದೆ?

2002ರಿಂದ 2006ರವರೆಗೆ ಮಾರಾಟವಾದ ಮಿನಿ ಕೂಪರ್ ಎಸ್ ಕಾರಿನ ಬಾನೆಟ್ಟಿನಡಿ ಇದ್ದದ್ದು ಬ್ರೆಜಿಲ್‌ನಲ್ಲಿ ತಯಾರಾದ 1.6 ಲೀಟರಿನ ಪುಟ್ಟ ಎಂಜಿನ್. ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ ಸಾಧಾರಣ ಕೂಪರ್‌ನಲ್ಲಿ ಇದೇ ಎಂಜಿನ್ ಸುಮಾರು 115 ಅಶ್ವಶಕ್ತಿ ಕೊಡುತ್ತಿತ್ತು. ಎಸ್ ಮಾದರಿಯಲ್ಲಿ ಈಟನ್ ಕಂಪನಿಯ ಎಂ45 ಸೂಪರ್‌ಚಾರ್ಜರ್ ಸೇರಿಕೊಂಡು ಅದು 163ಕ್ಕೆ ಏರಿತು. ವಯಸ್ಸಾದ ಇಂಥ ಗಾಡಿಗಳು ಒಂದು ವಿಚಿತ್ರ ಕಾಯಿಲೆ ತೋರಿಸುತ್ತವೆ. ನಾಲ್ಕು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ತನಕ ಪಿಕಪ್ ಚೆನ್ನಾಗಿಯೇ ಇರುತ್ತದೆ; ಐದು ಸಾವಿರ ದಾಟಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆತವಿಲ್ಲ, ಸದ್ದು ಮಾತ್ರ ಏರುತ್ತದೆ.

ಆಗ ಪ್ಲಗ್ ಬದಲಿಸುವುದು, ಇಂಜೆಕ್ಟರ್ ಕ್ಲೀನ್ ಮಾಡಿಸುವುದು, ಸೆನ್ಸರ್ ಹಾಕಿಸುವುದು ಎಂದು ಒಂದೊಂದಾಗಿ ಖರ್ಚು ಶುರುವಾಗುತ್ತದೆ. ಅದರ ಬದಲು ಮೊದಲು ಬೂಸ್ಟ್, ಅಂದರೆ ಸೂಪರ್‌ಚಾರ್ಜರ್ ಏರಿಸುವ ಗಾಳಿಯ ಒತ್ತಡ, ಅಳೆಯುವ ಒಂದು ಗೇಜ್ ಜೋಡಿಸಿ, ಆರ್‌ಪಿಎಂ ಏರಿದಂತೆ ಒತ್ತಡ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ.

ಯಾಕೆಂದರೆ ಈ ಯಂತ್ರದ ಲೆಕ್ಕ ಬಹಳ ಸರಳ. ಎಂ45 ಒಂದು ಸುತ್ತಿಗೆ 45 ಘನ ಇಂಚು, ಅಂದರೆ 0.74 ಲೀಟರ್ ಗಾಳಿ ತಳ್ಳುತ್ತದೆ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಸರಿಸುಮಾರು ಎರಡು ಸುತ್ತು ತಿರುಗುವುದರಿಂದ ಒಟ್ಟು 1.48 ಲೀಟರ್ ಆಯಿತು. ನಾಲ್ಕು ಸ್ಟ್ರೋಕಿನ 1.6 ಲೀಟರ್ ಎಂಜಿನ್ ಅದೇ ಒಂದು ಸುತ್ತಿನಲ್ಲಿ ಒಳಗೆಳೆದುಕೊಳ್ಳುವುದು 0.8 ಲೀಟರ್ ಮಾತ್ರ. ಮಿಕ್ಕ ಗಾಳಿ ಇಕ್ಕಟ್ಟಾಗಿ ಒತ್ತಡ ಏರಲೇಬೇಕು. 1.48ನ್ನು 0.8ರಿಂದ ಭಾಗಿಸಿದರೆ 1.85. ಸಣ್ಣಪುಟ್ಟ ಸೋರಿಕೆ ಕಳೆದರೆ ವಾತಾವರಣಕ್ಕಿಂತ ಸುಮಾರು 0.8 ಬಾರ್ ಹೆಚ್ಚು. ಈ ಕಾರಿನ ಗೇಜ್ ತೋರಿಸಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ವೇಗ ಹೆಚ್ಚಿದಷ್ಟೂ ಒತ್ತಡ ನಿಧಾನವಾಗಿ ಏರುತ್ತಾ ಹೋಗಬೇಕು, ಇಳಿಯಲು ಕಾರಣವೇ ಇಲ್ಲ. ಇಳಿಯಿತು ಎಂದರೆ ಏನೋ ಕೆಟ್ಟಿದೆ.

ಸೂಪರ್‌ಚಾರ್ಜರ್‌ನಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ರಬ್ಬರ್ ಜೋಡಣೆ ಬಿಟ್ಟು ಗಾಳಿ ಸೋರುತ್ತಿದೆ ಎಂದುಕೊಳ್ಳಿ. ರಂಧ್ರ ಅಷ್ಟೇ, ಒತ್ತಡ ಅಷ್ಟೇ ಇದ್ದರೆ ಸೆಕೆಂಡಿಗೆ ಸೋರುವ ಗಾಳಿಯೂ ಅಷ್ಟೇ. ಪಂಪು ತಳ್ಳುವ ಗಾಳಿ ಮಾತ್ರ ಆರ್‌ಪಿಎಂ ಜೊತೆ ಹೆಚ್ಚುತ್ತದೆ. ಹಾಗಾಗಿ ಸೋರಿಕೆಯ ಪೆಟ್ಟು ಕೆಳ ವೇಗದಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಕೆಳಗೆಲ್ಲ ಸರಿಯಿದ್ದು ಮೇಲೆ ಮಾತ್ರ ಬೂಸ್ಟ್ ಬೀಳುತ್ತಿದ್ದರೆ ಸೋರಿಕೆಯ ಮೇಲಿನ ಅನುಮಾನವನ್ನು ಹಿಂದಕ್ಕೆ ಸರಿಸಬಹುದು. ಇದಕ್ಕೊಂದು ಅಪವಾದ, ಒತ್ತಿದ ಗಾಳಿಯನ್ನು ಮರಳಿ ಪಂಪಿನ ಬಾಯಿಗೆ ಬಿಡುವ ಬೈಪಾಸ್ ವಾಲ್ವ್. ಅದರ ಸ್ಪ್ರಿಂಗ್ ಸೋತಿದ್ದರೆ ಒತ್ತಡ ಒಂದು ಮಟ್ಟ ಮುಟ್ಟಿದ ಮೇಲೆ ತಾನಾಗಿ ಬಾಯಿ ಬಿಡುತ್ತದೆ.

ಮೇಲೆ ಮಾತ್ರ ಬೂಸ್ಟ್ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಸೂಪರ್‌ಚಾರ್ಜರ್ ತಿರುಗಿಸುವ ಬೆಲ್ಟ್. ಅದು ಹೊರುವ ಭಾರವನ್ನು ಬಹಳ ಜನ ಊಹಿಸಿರುವುದಿಲ್ಲ. ಎಂಜಿನ್ 6000 ಆರ್‌ಪಿಎಂನಲ್ಲಿದ್ದಾಗ ಸೂಪರ್‌ಚಾರ್ಜರ್ ಸೆಕೆಂಡಿಗೆ 200 ಸುತ್ತು ತಿರುಗಿ 148 ಲೀಟರ್ ಗಾಳಿಯನ್ನು 0.8 ಬಾರ್ ಒತ್ತಡದ ವಿರುದ್ಧ ನೂಕುತ್ತಿರುತ್ತದೆ. ಗುಣಿಸಿದರೆ ಸುಮಾರು 12 ಕಿಲೋವಾಟ್, ಅಂದರೆ 16 ಅಶ್ವಶಕ್ತಿ. ಘರ್ಷಣೆ ಇದಕ್ಕೆ ಸೇರಿಲ್ಲ. ಅಷ್ಟೂ ಹಾದುಹೋಗುವುದು ಒಂದು ಕಿರಿದಾದ ರಬ್ಬರ್ ಪಟ್ಟಿಯ ಮೂಲಕ.

ಬೆಲ್ಟಿನ ಹಿಡಿತದ ಗುಟ್ಟು ಸುತ್ತಿನಲ್ಲಿದೆ. ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಒಬ್ಬನೇ ಹಿಡಿದು ನಿಲ್ಲಬಹುದಲ್ಲ, ಇಲ್ಲಿಯೂ ಅದೇ ಭೌತಶಾಸ್ತ್ರ: ಸುತ್ತಿಕೊಂಡ ಕೋನ ಹೆಚ್ಚಿದಂತೆ ಹಿಡಿತ ಘಾತೀಯವಾಗಿ ಏರುತ್ತದೆ. ಹೆಚ್ಚು ಬೂಸ್ಟ್ ಬೇಕೆಂದು ಶೇ. 15ರಷ್ಟು ಚಿಕ್ಕ ಪುಲ್ಲಿ ಹಾಕಿಸಿದವರು ಈ ಸುತ್ತನ್ನೇ ಸ್ವಲ್ಪ ಕಳೆದುಕೊಂಡಿರುತ್ತಾರೆ, ಜೊತೆಗೆ ಬೆಲ್ಟಿನ ಮೇಲಿನ ಎಳೆತವನ್ನೂ ಹೆಚ್ಚಿಸಿರುತ್ತಾರೆ. ವೇಗ ಏರಿದಾಗ ಬೆಲ್ಟ್ ಹೊರಕ್ಕೆ ಸಿಡಿಯಲು ನೋಡುವುದರಿಂದ ಪುಲ್ಲಿಯ ಮೇಲಿನ ಒತ್ತು ಇನ್ನಷ್ಟು ಸಡಿಲವಾಗುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿದ್ದರೆ, ಅದು ನಾಲ್ಕು ಸಾವಿರದವರೆಗೆ ಹೇಗೋ ನಿಭಾಯಿಸಿ ಐದು ಸಾವಿರದಲ್ಲಿ ಕೈಬಿಡುವುದು ಇದಕ್ಕೇ.

ಜಾರುವ ಬೆಲ್ಟ್ ಗುರುತು ಬಿಡುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿ. ಬೆಲ್ಟಿನ ಗೀರುಗಳ ಗೋಡೆ ಮಂಕಾಗಿರಬೇಕು. ಗಾಜಿನಂತೆ ಮಿನುಗುತ್ತಿದ್ದರೆ ಅದು ಉಜ್ಜಿ ಸುಟ್ಟ ರಬ್ಬರ್. ಪುಲ್ಲಿಯ ಸುತ್ತ ಕಪ್ಪು ಪುಡಿ ಕೂತಿರುತ್ತದೆ. ಟೆನ್ಷನರ್‌ನ ತೋಳು ತನ್ನ ಕೊನೆಯ ತಡೆಗೆ ಒರಗಿಕೊಂಡಿದ್ದರೆ ಬೆಲ್ಟ್ ಹಿಗ್ಗಿರುವ ಸಾಧ್ಯತೆ ಹೆಚ್ಚು. ಎಣ್ಣೆಯ ಪಸೆ ಕಂಡರೆ ಅದು ಎಲ್ಲಿಂದ ಬಂತು ಎಂದು ಹುಡುಕದೆ ಹೊಸ ಬೆಲ್ಟ್ ಹಾಕಬಾರದು. ಈ ಮಿನಿಯಲ್ಲಿ ನೀರಿನ ಪಂಪ್ ಕೂಡ ತಿರುಗುವುದು ಸೂಪರ್‌ಚಾರ್ಜರ್‌ನ ಹಿಂಬದಿಯಿಂದ. ಆದ್ದರಿಂದ ಬೆಲ್ಟ್ ಜಾರುವುದನ್ನು ಬರೀ ಪಿಕಪ್ಪಿನ ತೊಂದರೆ ಎಂದು ಸುಮ್ಮನಿರುವುದು ಅಪಾಯ.

ಬೆಲ್ಟ್ ಗಟ್ಟಿಯಾಗಿದ್ದೂ ಬೂಸ್ಟ್ ಬಿದ್ದರೆ ಗಾಳಿ ಬರುವ ದಾರಿ ನೋಡಬೇಕು. ಕಟ್ಟಿದ ಫಿಲ್ಟರ್‌ನಲ್ಲಿ ಆಗುವ ಒತ್ತಡದ ನಷ್ಟ ಹರಿವಿನ ವರ್ಗಕ್ಕೆ ಅನುಗುಣ. 3000ದಲ್ಲಿ ಇದ್ದ ನಷ್ಟ 6000ಕ್ಕೆ ಹೋದಾಗ ನಾಲ್ಕು ಪಟ್ಟು. ಸೂಪರ್‌ಚಾರ್ಜರ್ ತನಗೆ ಸಿಕ್ಕ ಒತ್ತಡವನ್ನು ಗುಣಿಸುವ ಯಂತ್ರವಾದ್ದರಿಂದ ಬಾಯಲ್ಲಿ 0.1 ಬಾರ್ ಕಡಿಮೆಯಾದರೆ ಆಚೆ ಕಡೆ ಹತ್ತಿರ ಹತ್ತಿರ 0.19 ಬಾರ್ ಕಡಿಮೆಯಾಗುತ್ತದೆ.

ಗೇಜ್ ಇನ್ನೊಂದು ಕಥೆಯನ್ನೂ ಹೇಳಬಹುದು: ಬೂಸ್ಟ್ ಮಾಮೂಲಿಗಿಂತ ಹೆಚ್ಚು, ಎಳೆತ ಮಾತ್ರ ಇಲ್ಲ. ಇದನ್ನು ಕಂಡು ಸೂಪರ್‌ಚಾರ್ಜರ್ ಗಟ್ಟಿಮುಟ್ಟಾಗಿದೆ ಎಂದು ಖುಷಿಪಡುವವರಿದ್ದಾರೆ. ನಿಜದಲ್ಲಿ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡು, ಸುಟ್ಟ ಹೊಗೆ ಹೊರಹೋಗದೆ, ಹೊಸ ಗಾಳಿಗೆ ಸಿಲಿಂಡರಿನಲ್ಲಿ ಜಾಗವಿಲ್ಲದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲೇ ತುಂಬಿಕೊಳ್ಳುತ್ತಿರುತ್ತದೆ. ಕನ್ವರ್ಟರ್‌ಗಿಂತ ಮೊದಲು ಬರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿದರೆ ಗೊತ್ತಾಗುತ್ತದೆ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಕನ್ವರ್ಟರ್ ಮೇಲೆ ಅನುಮಾನ ಪಡಬೇಕು.

ಬೂಸ್ಟ್ ಸರಿಯಿದ್ದೂ ಶಕ್ತಿ ಇಲ್ಲವಾದರೆ ಉಳಿದದ್ದು ಪೆಟ್ರೋಲ್, ಕಿಡಿ, ಶಾಖ. ಇಲ್ಲಿ ಪೆಟ್ರೋಲಿನ ವಿಷಯಕ್ಕೆ ನಾನು ಹೆದರುತ್ತೇನೆ. 6000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಆವರ್ತಕ್ಕೆ ಸಿಗುವುದು 20 ಮಿಲಿಸೆಕೆಂಡ್. ಇಂಜೆಕ್ಟರ್ ತನ್ನ ಕೆಲಸ ಅಷ್ಟರಲ್ಲಿ ಮುಗಿಸಬೇಕು. ಪಂಪ್ ಸೋತು ಪೆಟ್ರೋಲ್ ಸಾಲದೆ ಹೋದರೆ ಮಿಶ್ರಣ ತೆಳುವಾಗಿ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ನೇ ಕರಗಬಹುದು. ಮಿಶ್ರಣ ತೆಳುವಾಗಿದೆ ಎಂದು ಕಂಡ ಕ್ಷಣವೇ ಪರೀಕ್ಷೆ ನಿಲ್ಲಿಸಿ. "ಇನ್ನೊಂದು ಸಲ ನೋಡೋಣ" ಎಂದು ಮತ್ತೆ ಪೂರ್ತಿ ಒತ್ತಬೇಡಿ.

ಕಿಡಿಯ ತೊಂದರೆ ಬೇರೆ ಥರ. ಒತ್ತಡದಲ್ಲಿರುವ ದಟ್ಟ ಗಾಳಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ಗಿನ ಗ್ಯಾಪ್ ಸವೆದು ಅಗಲವಾಗಿದ್ದರೆ ಎಂಜಿನ್ ಅಲ್ಲಲ್ಲಿ ಮಿಸ್ ಹೊಡೆದು ಜರ್ಕ್ ಕೊಡುತ್ತದೆ. ಜರ್ಕ್ ಇಲ್ಲದೆ ನಯವಾಗಿಯೇ ಸೊರಗಿದರೆ ಶಾಖವನ್ನು ನೋಡಬೇಕು. 30 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ ಇಂಥ ರೂಟ್ಸ್ ಮಾದರಿಯ ಪಂಪಿನಿಂದ ಹೊರಬರುವಾಗ ಅದು 120 ಡಿಗ್ರಿ ಮುಟ್ಟಬಹುದು. ಎಂಜಿನ್ನಿನ ನೆತ್ತಿಯ ಮೇಲೆ ಕೂತ ಇಂಟರ್‌ಕೂಲರ್‌ಗೆ ಟ್ರಾಫಿಕ್ಕಿನಲ್ಲಿ ತಂಗಾಳಿಯೇ ಸಿಗುವುದಿಲ್ಲ. ನಾಕ್ ಸೆನ್ಸರ್ ಎಚ್ಚರಿಸಿದಾಗ ಕಂಪ್ಯೂಟರ್ ಕಿಡಿಯನ್ನು ತಡವಾಗಿಸಿ ಎಂಜಿನ್ ಉಳಿಸಿಕೊಳ್ಳುತ್ತದೆ, ಶಕ್ತಿ ಬಿಟ್ಟುಕೊಡುತ್ತದೆ. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮತ್ತು ಒಳಬರುವ ಗಾಳಿಯ ಉಷ್ಣತೆ ಎರಡನ್ನೂ ಒಟ್ಟಿಗೆ ದಾಖಲಿಸಿ. ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ ಓಡಿಸಿದಾಗ ಟೈಮಿಂಗ್‌ನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ, ಬಿಚ್ಚಿ ತೊಳೆಯಬೇಕಾದದ್ದು ಇಂಟರ್‌ಕೂಲರ್.