ರಾತ್ರಿ ಆಫ್ ಮಾಡಬೇಡಿ ಸ್ವಾಮಿ

"ಸಾರ್, ರಾತ್ರಿ ನಮಗೆ ಆಕ್ಸಿಜನ್ ಬೇಕಾಗಲ್ಲ. ಸಂಜೆ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಆಯ್ತಲ್ವಾ?"

ಗಾಳಿಯನ್ನು ತಣ್ಣಗೆ ಮಾಡಿ ಆಕ್ಸಿಜನ್ ತೆಗೆಯುವ ಪ್ಲಾಂಟ್ ಹಾಕಿಸಿದವರು ಈ ಪ್ರಶ್ನೆ ಕೇಳದೇ ಬಿಡುವುದಿಲ್ಲ. ಅದೇನು ಮಿಕ್ಸಿಯೇ? ಅಂಥವರಿಗೆ ನಾನು ಕಾರ್ಲ್ ಫಾನ್ ಲಿಂಡೆಯವರ ಕಥೆ ಹೇಳುತ್ತೇನೆ.

1842ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಪಾದ್ರಿಯ ಮಗ ಲಿಂಡೆ. ಜ್ಯೂರಿಕ್‌ನಲ್ಲಿ ಓದುವಾಗ ವಿದ್ಯಾರ್ಥಿಗಳ ಗಲಾಟೆಗೆ ಸೇರಿಕೊಂಡು ಡಿಗ್ರಿ ಇಲ್ಲದೆ ಹೊರಬಿದ್ದರು. ಆದರೂ 1872ರಲ್ಲಿ ಮ್ಯೂನಿಕ್‌ನಲ್ಲಿ ಪ್ರೊಫೆಸರ್ ಆದರು. ಎಂಜಿನ್ ಮಾಡಿದ ರುಡಾಲ್ಫ್ ಡೀಸೆಲ್ ಇವರದೇ ಶಿಷ್ಯ. ಬಿಯರ್ ಮಾಡುವವರಿಗೆ ಬೇಸಿಗೆಯಲ್ಲೂ ತಂಪು ಬೇಕಿತ್ತು. ಲಿಂಡೆ ಅಮೋನಿಯಾದಿಂದ ನಡೆಯುವ ಯಂತ್ರ ಮಾಡಿಕೊಟ್ಟರು. 1879ರಲ್ಲಿ ಪ್ರೊಫೆಸರ್ ಕೆಲಸ ಬಿಟ್ಟು ಕಂಪನಿ ಕಟ್ಟಿದರು. ಸುಮಾರು ಹತ್ತು ವರ್ಷ ಅದನ್ನು ನಡೆಸಿ, ಬೇರೆಯವರ ಕೈಗೆ ಕೊಟ್ಟು, ಮತ್ತೆ ಮ್ಯೂನಿಕ್‌ಗೆ ಬಂದರು. ಗಾಳಿಯನ್ನು ದ್ರವ ಮಾಡಿದ್ದು ಆಮೇಲೆ, 1895ರಲ್ಲಿ. ಆಗ ಐವತ್ತು ದಾಟಿತ್ತು.

ಹೇಗೆ ಮಾಡಿದರು ಅನ್ನುವುದೇ ಮುಖ್ಯ. ಒತ್ತಿಟ್ಟ ಗಾಳಿಯನ್ನು ಸಣ್ಣ ಕಿಂಡಿಯಿಂದ ಬಿಟ್ಟರೆ ತಣ್ಣಗಾಗುತ್ತದೆ, ಆದರೆ ಒಂದು ಬಾರ್ (ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯಷ್ಟು) ಒತ್ತಡ ಇಳಿದರೆ ಬರೀ ಕಾಲು ಡಿಗ್ರಿ. 200 ಬಾರ್‌ನಿಂದ ಬಿಟ್ಟರೂ 40–50 ಡಿಗ್ರಿ ಇಳಿದೀತು. ನಮಗೆ ಬೇಕಾದದ್ದು ಮೈನಸ್ 190ರ ಆಸುಪಾಸು! ಹಾಗಾಗಿ ಲಿಂಡೆ ಆ ತಣ್ಣನೆ ಗಾಳಿಯನ್ನು ಹೊರಗೆ ಬಿಡಲಿಲ್ಲ. ಒಳಗೆ ಬರುತ್ತಿರುವ ಗಾಳಿಯ ಪೈಪಿನ ಸುತ್ತ ಹಿಂದಕ್ಕೆ ಹರಿಸಿದರು. ಬರುವ ಗಾಳಿ ಮೊದಲೇ ತಂಪಾಯಿತು, ಕಿಂಡಿ ದಾಟಿ ಇನ್ನಷ್ಟು ತಂಪಾಯಿತು. ಹೀಗೇ ಸುತ್ತು ಮೇಲೆ ಸುತ್ತು. ಮನೆಯಲ್ಲಿ ಮೊಸರು ಮಾಡುವುದೂ ಹೀಗೇ ಅಲ್ವಾ? ಇವತ್ತಿನ ಮೊಸರಿಗೆ ನಿನ್ನೆಯ ಹೆಪ್ಪು ಬೇಕು. ರಾತ್ರಿ ಪ್ಲಾಂಟ್ ನಿಲ್ಲಿಸುವುದು ಅಂದರೆ ಹೆಪ್ಪಿಗೆ ಇಟ್ಟದ್ದನ್ನೂ ಬಡಿಸಿ ಪಾತ್ರೆ ತೊಳೆದ ಹಾಗೆ.

ಈಗ ಕಿಂಡಿಯ ಬದಲು ಹೆಚ್ಚಾಗಿ ಟರ್ಬೈನ್ ಇರುತ್ತದೆ. ಆದರೆ ತಂಪನ್ನು ಹಿಂದಕ್ಕೆ ಕೊಡುವ ಎಕ್ಸ್‌ಚೇಂಜರ್ ಇಲ್ಲದೆ ಇವತ್ತೂ ನಡೆಯುವುದಿಲ್ಲ. ನೈಟ್ರೋಜನ್ ಮೈನಸ್ 196ಕ್ಕೆ ಕುದಿಯುತ್ತದೆ, ಆಕ್ಸಿಜನ್ ಮೈನಸ್ 183ಕ್ಕೆ. ಆ 13 ಡಿಗ್ರಿ ಅಂತರದಲ್ಲೇ ಎರಡನ್ನೂ ಬೇರೆ ಮಾಡಬೇಕು. ಹಾಗೆ ಬೇರೆ ಮಾಡುವ ಎತ್ತರದ ಗೋಪುರ, ಅಂದರೆ ಕಾಲಮ್, ಒಮ್ಮೆ ಬೆಚ್ಚಗಾದರೆ ಮತ್ತೆ ಹದಕ್ಕೆ ಬರಲು ಒಂದು ದಿನವೋ, ಎರಡು ಮೂರು ದಿನವೋ. ಪ್ಲಾಂಟಿನ ಗಾತ್ರ ನೋಡದೆ ಗಂಟೆ ಲೆಕ್ಕ ಹೇಳಲಾರೆ. ಒಳಗಿನ ದ್ರವ ಉಳಿಸಿಕೊಂಡು ಕೆಲವು ಗಂಟೆ ನಿಲ್ಲಿಸುವುದು ಬೇರೆ ಮಾತು. ಅದನ್ನೂ ನಿಮ್ಮ ಪ್ಲಾಂಟ್ ಕಟ್ಟಿದವರನ್ನು ಕೇಳಿಯೇ ಮಾಡಿ.

ಒಬ್ಬ ಮಾಲೀಕರು ಇದನ್ನೆಲ್ಲ ತಲೆದೂಗುತ್ತಾ ಕೇಳಿದರು. ಕಾಫಿ ಕೊಡಿಸಿದರು, ಒಳ್ಳೆಯ ಮನುಷ್ಯ. ಶನಿವಾರ ಸಂಜೆ ಆಫ್ ಮಾಡಿ ಊರ ಜಾತ್ರೆಗೆ ಹೋದರು. ಮಂಗಳವಾರ ಫೋನ್ ಬಂತು.

"ಬೆಳಿಗ್ಗೆಯೇ ಆನ್ ಮಾಡಿದೀವಿ ಸಾರ್. ಇನ್ನೂ ಎಷ್ಟು ಹೊತ್ತು?"

"ಗುರುವಾರ ನೋಡೋಣ" ಅಂದೆ.